ಗೇಟು ದಾಟಿದ ಕರಕಿ

ನನ್ನ ಗಂಡನ ಅಣ್ಣ, ನಮ್ಮ ಭಾವನವರು, ಜೇವರ್ಗಿಯ ನಮ್ಮ ಮನೆಗೆ ಬಂದಾಗಲೆಲ್ಲ ಹೊರಡುವ ಮುಂಚೆ ಗೇಟಿನ ಹೊರಗೆ ನಿಂತು ಚಪ್ಪಲಿ ತಿರುಗಿಸಿ ನೋಡುತ್ತಿದ್ದರು. ಒಂದು ಕೈಯಿಂದ ಗೇಟಿನ ಕಂಬ ಹಿಡಿದು, ಮೊದಲು ಎಡಗಾಲಿನದು, ಆಮೇಲೆ ಬಲಗಾಲಿನದು. ಅಟ್ಟೆಯ ಸಂದಿಯಲ್ಲಿ ಹುಲ್ಲಿನ ಎಳೆ ಸಿಕ್ಕಿಕೊಂಡಿದ್ದರೆ ಅದನ್ನು ಉಗುರಿನಿಂದ ಕಿತ್ತು ನಮ್ಮ ಕಾಂಪೌಂಡಿನ ಒಳಗೇ ಎಸೆದು, ಕೈ ಝಾಡಿಸಿ, ಆಮೇಲೆ ಮೋಟರ್ ಸೈಕಲ್ ಹತ್ತುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ನನಗೆ ಇದೆಲ್ಲ ಕಾಣುತ್ತಿತ್ತು. ಸಂತೆಯಲ್ಲಿ ಸಿಕ್ಕಿಬಿದ್ದವನ ಕಿಸೆ ತಡಕುತ್ತಾರಲ್ಲ, ಹಾಗೆ.

ಮನೆಯ ಮುಂದಿನ ಆ ಲಾನ್ ನನ್ನ ಹಟದಿಂದ ಬಂದದ್ದು. ಕಲಬುರಗಿಯಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಮನೆಯ ಮುಂದೆ ಹುಲ್ಲು ಹಾಸಿತ್ತು. ಮಕ್ಕಳು ಅದರ ಮೇಲೆ ಕಾಲಿಡುವಂತಿರಲಿಲ್ಲ. ಶಹಾಬಾದ್ ಕಲ್ಲಿನ ಅಂಗಳ ಕಾದು ಬೂಟಿನೊಳಗೂ ಬಿಸಿ ಏರುತ್ತಿದ್ದ ದಿನಗಳಲ್ಲಿ, ಪ್ರಾರ್ಥನೆಯ ಸಾಲಿನ ತುದಿಗೆ ನಿಂತ ನಾನು ಬೂಟಿನ ಮೂತಿಯನ್ನಷ್ಟೇ ಆ ಹಸಿರಿಗೆ ತಾಗಿಸಿ ನಿಲ್ಲುತ್ತಿದ್ದೆ. ಮುಂದೊಂದು ದಿನ ನನ್ನದೇ ಹುಲ್ಲು ಬೆಳೆಸಿ ಅದರ ಮೇಲೆ ಬರಿಗಾಲಲ್ಲಿ ಓಡಾಡಬೇಕು ಅನ್ನುವುದು ಆಗ ಹುಟ್ಟಿದ ಆಸೆ. ಮನೆ ಕಟ್ಟಿಸಿದಾಗ ಗೇಟಿನಿಂದ ವರಾಂಡದವರೆಗೆ ಫರಸಿ ಹಾಕಿಸಲು ಬಿಡದೆ, ನರ್ಸರಿಯಿಂದ ಹುಲ್ಲಿನ ಚಾಪೆ ತರಿಸಿ ಹಾಸಿಸಿದೆ.

ಭಾವನವರು ಮೊದಲ ಸಲ ನೋಡಿದಾಗ ಬಗ್ಗಿ ಒಂದು ಎಳೆ ಕಿತ್ತು ಅದರ ಗೆಣ್ಣು ತಿರುವಿ ನೋಡಿದರು.

"ಇದು ಕರಕಿ ಅಲ್ಲೇನ್ ತಂಗಿ?"

"ಅಲ್ರಿ ಭಾವಾರ. ಬರ್ಮುಡಾ ಅಂತ್ರಿ ಇದು."

"ಬರ್ಮುಡಾ ಅಂದ್ರ ನಿನ್ನ ಗಂಡ ಮನ್ಯಾಗ ಹಾಕ್ಕೊಂಡು ತಿರಗ್ತಾನಲ್ಲ, ಅದು. ಇದು ಕರಕಿ. ನಮ್ಮಪ್ಪ ರೊಕ್ಕ ಕೊಟ್ಟು ಕರಕಿ ಅಗಿಸಿದ. ನೀವು ರೊಕ್ಕ ಕೊಟ್ಟು ತಂದೀರಿ. ವಾಹ್!"

ನಾನು ನಕ್ಕೆ. ಅವರು ನಗಲಿಲ್ಲ. ಅಂದೋಲಾ ಕಡೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಮನೆತನದ ಎರೆ ಹೊಲವಿದೆ. ಅದನ್ನು ಉಳುವವರು ಅವರೊಬ್ಬರೇ. ಒಂದು ಕಾಲಕ್ಕೆ ಆ ಹೊಲದ ಅರ್ಧಭಾಗ ಕರಕಿ, ಅಂದರೆ ಗರಿಕೆ ಹುಲ್ಲು, ಹಬ್ಬಿ ಬಿತ್ತನೆಗೇ ಬಾರದಂತಾಗಿತ್ತಂತೆ. ಕಪ್ಪು ಮಣ್ಣಿನಲ್ಲಿ ಅದರ ಬೇರು ಸೊಂಟದ ಆಳಕ್ಕೆ ಇಳಿಯುತ್ತದೆ. ನೇಗಿಲು ಹೊಡೆದರೆ ತುಂಡಾಗುತ್ತದೆ, ಪ್ರತಿ ತುಂಡೂ ಮತ್ತೆ ಚಿಗುರುತ್ತದೆ. ಬಿಸಿಲಿನಲ್ಲಿ ಹಾರೆಯಿಂದ ಹೆಂಟೆ ಎಬ್ಬಿಸಿ, ಬೇರು ಆಯ್ದು, ಗುಡ್ಡೆ ಹಾಕಿ ಸುಡಬೇಕು. ಭಾವನವರ ಹುಡುಗತನದ ಬೇಸಿಗೆಗಳೆಲ್ಲ ಅದರಲ್ಲೇ ಕಳೆದವು. ಅವರ ಬಲ ಅಂಗೈ ಇನ್ನೂ ಪೂರಾ ಬಿಚ್ಚುವುದಿಲ್ಲ.

"ಇರ್ಲಿ," ಅಂದರು ಅವತ್ತು. "ನಿನ್ನ ಮನಿ, ನಿನ್ನ ಹುಲ್ಲು. ಖರೇ ಇದರ ಒಂದು ಎಳಿ ಈ ಗೇಟ್ ದಾಟಿ ನನ್ನ ಹೊಲದಾಗ ಕಂಡ್ರ, ಟ್ರ್ಯಾಕ್ಟರ್ ತಂದು ಇದರ ಮ್ಯಾಲ ನೇಗಿಲು ಹೊಡೀತೇನಿ. ಆಮ್ಯಾಲ ಭಾವ ಹಿಂಗ್ಯಾಕ ಮಾಡ್ದ ಅನ್ನಬ್ಯಾಡ."

ಅವರು ಹೇಳಿದ ಮಾತು ಮಾಡುವವರು. ಹಾಗಾಗಿ ನಾನು ಕತ್ತರಿಸಿದ ಹುಲ್ಲನ್ನು ಮೂಲೆಯಲ್ಲಿ ಒಣಗಿಸಿ ಅಲ್ಲೇ ಸುಟ್ಟು ಬೂದಿ ಮಾಡುತ್ತಿದ್ದೆ. ಹಾಲಿನವನ ಎಮ್ಮೆಗೂ ಕೊಡುತ್ತಿರಲಿಲ್ಲ.

ಕೆಲವು ವರ್ಷ ಲಾನ್ ಚೆನ್ನಾಗಿಯೇ ಇತ್ತು. ಆಮೇಲೆ ಅದರ ಮೇಲೆ ನಡೆದರೆ ಹತ್ತಿಯ ಗಾದಿಯ ಮೇಲೆ ನಡೆದ ಹಾಗಾಗತೊಡಗಿತು. ಕಾಲು ಮೆತ್ತಗೆ ಇಳಿದು ಮತ್ತೆ ಎದ್ದು ಬರುತ್ತಿತ್ತು. ನೀರು ಬಿಟ್ಟರೆ ಒಳಗೆ ಹೋಗದೆ ಮೇಲೆಯೇ ಹರಡಿ ಗೇಟಿನ ಕಡೆ ಹರಿಯುತ್ತಿತ್ತು. ಅಲ್ಲಲ್ಲಿ ಹಳದಿ ಮಚ್ಚೆ. ನಾನು ಮೊದಲು ಸಂಶಯಪಟ್ಟದ್ದು ಪಕ್ಕದ ಮನೆಯವರನ್ನು. ಅವರ ವಾಷಿಂಗ್ ಮಷೀನಿನ ನೀರು ಗೋಡೆಯ ಬುಡದಿಂದ ಜಿನುಗುತ್ತಿದೆ ಅಂತ. ಎರಡನೆಯದಾಗಿ ಸಂಶಯಪಟ್ಟದ್ದು ಭಾವನವರನ್ನೇ. ಸುಳ್ಳು ಹೇಳಬಾರದು, ಅವರು ಬಂದು ಹೋದ ಕಡೆಯೇ ಹಳದಿಯಾಗಿದೆಯೇನೋ ಅಂತ ಒಂದೆರಡು ಸಲ ಬಗ್ಗಿ ನೋಡಿದ್ದೇನೆ. ಕಳೆನಾಶಕದ ವಾಸನೆ ಬರುತ್ತದೆಯೇ ಅಂತ ಮೂಸಿಯೂ ನೋಡಿದೆ. ಬಂದದ್ದು ಒದ್ದೆ ಗೋಣಿಯ ವಾಸನೆ.

ಕೊನೆಗೆ ಚಾಕುವಿನಿಂದ ಒಂದು ತುಣುಕು ಕೊಯ್ದು ಎತ್ತಿದೆ. ಮೇಲೆ ಹಸಿರು, ಕೆಳಗೆ ಕರಿ ಮಣ್ಣು, ನಡುವೆ ಹೆಬ್ಬೆರಳು ದಪ್ಪದ ಕಂದು ಪದರ. ಸತ್ತ ಕಾಂಡ, ಬೇರು, ಎಲೆ ಎಲ್ಲ ಹೆಣೆದುಕೊಂಡು ಕಾಲೊರಸುವ ನಾರಿನ ಚಾಪೆಯ ಹಾಗೆ ಆಗಿತ್ತು. ನೀರೂ ಗಾಳಿಯೂ ಅದರಲ್ಲೇ ತಡೆದು ನಿಲ್ಲುತ್ತಿದ್ದವು. ಆ ಪದರವನ್ನು ಹಲ್ಲಿರುವ ದಂತಾಳದಿಂದ ಕೆರೆದು ತೆಗೆಯಬೇಕು, ಆಮೇಲೆ ಗಟ್ಟಿಯಾದ ಮಣ್ಣಿಗೆ ತೂತು ಮಾಡಿ ಗಾಳಿ ಆಡಿಸಬೇಕು ಎಂದು ಫೋನಿನಲ್ಲಿ ನೋಡಿ ತಿಳಿದುಕೊಂಡೆ. ಮಳೆಗಾಲದಲ್ಲಿ ಮಾಡಿದರೆ ಹುಲ್ಲು ಬೇಗ ಚೇತರಿಸಿಕೊಳ್ಳುತ್ತದಂತೆ.

ಹೈವೇ ಮೇಲೆ ಟ್ರಾಲಿ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಗೆ ಹೋಗಿ, ಒಂದು ಗೇಣು ಉದ್ದದ ಟೊಳ್ಳು ಪೈಪುಗಳೆರಡನ್ನು ಅಕ್ಕಪಕ್ಕ ಕೂಡಿಸಿ, ಮೇಲೆ ಹಿಡಿಕೆ, ನಡುವೆ ಕಾಲಿಟ್ಟು ಒತ್ತುವ ಪಟ್ಟಿ ಇಟ್ಟು ಮಾಡಿಕೊಡಿ ಅಂದೆ. ವೆಲ್ಡಿಂಗಿನವನು ಕಪ್ಪು ಕನ್ನಡಕ ಹಣೆಗೇರಿಸಿದ.

"ಇದರಿಂದ ಏನ್ ತಗೀತೀರಿ ಅಕ್ಕಾರ?"

"ಮಣ್ಣಿಗಿ ಗಾಳಿ ಆಡಸೂದ್ರಿ."

"ಮಣ್ಣಿಗಿ ಗಾಳಿ! ಕರೆಂಟ್ ಹೋದ್ರ ನಮಗೇ ಗಾಳಿ ಇಲ್ಲ," ಅಂದ. ಮಾಡಿಕೊಟ್ಟ, ಆದರೆ ನಾನು ಆಟೋದಲ್ಲಿ ಕೂರುವವರೆಗೂ ನನ್ನನ್ನೇ ನೋಡುತ್ತಿದ್ದ.

ಎರೆಮಣ್ಣಿಗೆ ಹದ ಅನ್ನುವುದು ಬಹಳ ಸಣ್ಣ ಹೊತ್ತು. ಒದ್ದೆಯಿದ್ದರೆ ಪೈಪಿನೊಳಗೆ ಅಂಟಿಕೊಳ್ಳುತ್ತದೆ. ಒಣಗಿದರೆ ಹಾರೆಗೂ ಬಗ್ಗುವುದಿಲ್ಲ. ಮಳೆ ನಿಂತ ಮೇಲೆ ಬೆರಳಿಗೆ ಮೆತ್ತದೆ, ಒತ್ತಿದರೆ ಮುದ್ದೆಯಾಗುವ ಆ ಮುಂಜಾನೆಗೆ ಕಾದು ಶುರು ಮಾಡಿದೆ. ಮೊದಲು ಕೆರೆಯುವ ಕೆಲಸ. ಕಬ್ಬಿಣದ ಹಲ್ಲಿನ ದಂತಾಳ ಎಳೆದರೆ ಸಿಕ್ಕುಗಟ್ಟಿದ ಕೂದಲು ಬಾಚಿದ ಸದ್ದು. ಎಳೆದ ಹಾಗೆಲ್ಲ ಮನೆಯೇ ಮೇಲೆ ಬರುತ್ತಿತ್ತು: ಹೇರ್‌ಪಿನ್ನು, ಹುಣಸೆ ಬೀಜ, ನನ್ನ ಗಂಡ ಬಿಟ್ಟೇ ಬಿಟ್ಟೆ ಅನ್ನುತ್ತಿದ್ದ ಗುಟ್ಕಾದ ಹರಿದ ಪಾಕೀಟು. ಆ ಪಾಕೀಟಿನ ಬಣ್ಣ ಇನ್ನೂ ಹೊಸದಾಗಿತ್ತು. ಅದನ್ನು ತೊಳೆದು ಅವರ ಚಹಾದ ಬಸಿಯ ಪಕ್ಕ ಇಟ್ಟೆ. ಅವರು ಚಹಾ ಕುಡಿದು ಕಾಲೇಜಿಗೆ ಪಾಠ ಮಾಡಲು ಹೋದರು.

ಆಮೇಲೆ ತೂತು. ಹಿಡಿಕೆ ಹಿಡಿದು, ಪಟ್ಟಿಯ ಮೇಲೆ ನಿಂತು, ನನ್ನ ಭಾರವನ್ನೆಲ್ಲ ಬಿಟ್ಟರೆ ಪೈಪು ಇಳಿಯುತ್ತಿತ್ತು. ಎತ್ತಿದರೆ ಅದರ ಬಾಯಿಂದ ಮಣ್ಣಿನ ಕರಿ ಬತ್ತಿಗಳು ಉದುರುತ್ತಿದ್ದವು. ಆ ತೂತುಗಳಿಗೆ ಮನೆ ಕಟ್ಟಿಸಿದಾಗ ಉಳಿದ ಭೀಮಾ ನದಿಯ ಉಸುಕನ್ನೂ ಪುಡಿಗೊಬ್ಬರವನ್ನೂ ಕಲಸಿ ತುಂಬಿದೆ. ರಸ್ತೆಯಲ್ಲಿ ಹೋಗುವವರು ಗೇಟಿನ ಸರಳಿಗೆ ಮುಖ ಹಚ್ಚಿ ನಿಂತರು. ಎದುರು ಮನೆಯಲ್ಲಿ ಆಡು ಸಾಕಿದ ಹೆಂಗಸು ಸೀದಾ ಕೇಳಿಯೇಬಿಟ್ಟರು: "ಏನ್ರಿ, ಬಂಗಾರ ಎಲ್ಲಿ ಹೂತಿದ್ದು ಅಂಬೂದು ಮರ್ತು ಹೋಗ್ಯದೇನ್ರಿ?"

ಅತ್ತೆ ವರಾಂಡದ ಕುರ್ಚಿಯಲ್ಲಿ ಕೂತು ಬಿಲ್ವದೆಲೆ ಸೋಸುತ್ತ ಎಲ್ಲವನ್ನೂ ನೋಡುತ್ತಿದ್ದರು. ಶ್ರಾವಣ ಆಗಷ್ಟೇ ಹಿಡಿದಿತ್ತು.

"ಇಷ್ಟೆಲ್ಲಾ ಕೆದರಿ ತಗದದ್ದು ಏನ್ ಮಾಡ್ತಿ ಬೇ?"

"ಚೀಲದಾಗ ತುಂಬಿ ಇಡ್ತೇನ್ರಿ ಅತ್ತಿ. ಒಣಗಿದ ಮ್ಯಾಲ ಸುಡ್ತೇನಿ."

ಅತ್ತೆ ಒಂದು ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಹುಳ ತಿಂದ ತೂತು ಇತ್ತೇನೋ. ಮತ್ತೇನೂ ಹೇಳಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆ ಅಂದುಕೊಂಡೆ.

ಕೆರೆದು ತೆಗೆದದ್ದು ಮೇಲುನೋಟಕ್ಕೆ ಸತ್ತ ಕಸ. ಆದರೆ ಅದರೊಳಗೆ ಬಿಳಿಯ, ಜೀವ ಇರುವ ಬಳ್ಳಿಗಳು ಎಷ್ಟೋ ಇದ್ದವು. ಅವಕ್ಕೆ ಒಂದು ಗೆಣ್ಣು, ಒಂದು ಮಳೆ ಸಾಕು. ಅದಕ್ಕೇ ಗೊಬ್ಬರದ ಖಾಲಿ ಚೀಲಗಳಲ್ಲಿ ತುರುಕಿ, ಹಳೆ ಲಂಗದ ನೀಲಿ ಲಾಡಿಯನ್ನು ಹರಿದು ಬಾಯಿ ಕಟ್ಟಿ, ಬಚ್ಚಲ ಹಿಂದಿನ ತಗಡಿನ ಕೆಳಗೆ ಸಾಲಾಗಿ ಇಟ್ಟೆ.

ಶ್ರಾವಣದ ಮೊದಲ ಸೋಮವಾರ ಮನೆ ತುಂಬ ಜನ. ಭಾವನವರು ಯೂರಿಯಾ ಒಯ್ಯಲು ಟ್ರ್ಯಾಕ್ಟರ್ ತಂದಿದ್ದರು. ಎಂದಿನಂತೆ ಅತ್ತೆ ಕೊಟ್ಟ ಪತ್ರಿಯನ್ನೂ ಒಯ್ದರು. ಪೂಜೆಗೆ ಏರಿಸಿದ ಬಿಲ್ವ, ಹೂವು ಮರುದಿನ ಕಸಕ್ಕೆ ಹೋಗುವಂತಿಲ್ಲ, ಯಾರ ಕಾಲಿಗೂ ಬೀಳುವಂತಿಲ್ಲ. ನಮ್ಮ ಮನೆಯ ಪತ್ರಿ ಹೊಲದ ಬದುವಿನ ಮೇಲಿನ ಬನ್ನಿ ಗಿಡದ ಬುಡ ಸೇರುತ್ತದೆ. ಶ್ರಾವಣದಲ್ಲಿ ಓಣಿಯ ಹೆಂಗಸರೂ ತಮ್ಮ ಮನೆಯದನ್ನು ತಂದು ಅತ್ತೆಯ ಕೈಗೆ ಕೊಡುತ್ತಾರೆ. ನಾನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ.

ಮರುದಿನ ಬಚ್ಚಲ ಹಿಂದೆ ಹೋದರೆ ತಗಡಿನ ಕೆಳಗೆ ಏನೂ ಇರಲಿಲ್ಲ. ಚೀಲ ಇಟ್ಟ ಕಡೆ ನೆಲ ಒಣಗಿದ ಚೌಕ ಗುರುತು ಮಾತ್ರ.

ನಾನು ಕೂಗಾಡುವವಳಲ್ಲ. ಸಿಸ್ಟರ್‌ಗಳು ಕಲಿಸಿದ್ದು ಮೆಲ್ಲಗೆ ಮಾತಾಡುವುದನ್ನು. ಮೆಲ್ಲಗೆ ಅನುಮಾನ ಪಡುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಎದುರು ಮನೆಗೆ ಹೋಳಿಗೆ ಒಯ್ದು ಕೊಡುವ ನೆಪದಲ್ಲಿ ಹೋಗಿ, ಮಾತಾಡುತ್ತಲೇ ಆಡುಗಳ ಬಾಯಿ, ಗೂಟದ ಸುತ್ತಲ ನೆಲ ನೋಡಿದೆ. ಕಂದು ನಾರು ಎಲ್ಲೂ ಇಲ್ಲ.

"ಆಡು ಚಲೋ ದಪ್ಪ ಆಗ್ಯಾವಲ್ರಿ," ಅಂದೆ.

"ಆಗ್ಯಾವ್ರಿ. ಆದ್ರ ನೀವು ತಿನ್ನೂರಲ್ಲ. ಆಡಿನ ದಪ್ಪ ತಗೊಂಡು ಏನ್ ಮಾಡ್ತೀರಿ?" ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನ್ನ ಅನುಮಾನ ಅವರಿಗೂ ಅಂಟಿತ್ತು. ಸಂಜೆ ಆಡುಗಳನ್ನು ಹಿತ್ತಲಿಗೆ ಬದಲಾಯಿಸಿ ಕಟ್ಟಿದರು.

ಹಾಲಿನವನನ್ನು ಕೇಳಿದೆ. "ಆ ಕಸ ನಮ್ಮ ಎಮ್ಮಿ ಮೂಸಿ ಸೈತ ನೋಡಂಗಿಲ್ರಿ," ಅಂದ. ನನ್ನ ಗಂಡನನ್ನು ಕೇಳಿದೆ. "ಕಸ ಹೋತು ಅಂದ್ರ ಖುಷಿ ಪಡಬೇಕು. ನೀ ಪೊಲೀಸ್ ಖಾತ್ಯಾಗ ಇರಬೇಕಿತ್ತು ನೋಡು. ಖಾಲಿ ಪೀಲಿ ಕಾಲೇಜ್ ಮಾಸ್ತರನ ಹೆಂಡ್ತಿ ಆದಿ," ಅಂದರು. ಗುಟ್ಕಾದ ಪಾಕೀಟಿನ ಸೇಡು ಅದು.

ಅವರಿಗೆ ನಗು. ನಾನು ಮಾತ್ರ ಪ್ರತಿ ಮಳೆ ಬಂದಾಗಲೂ ಕಿಟಕಿಯಲ್ಲಿ ನಿಂತು ಲೆಕ್ಕ ಹಾಕುತ್ತಿದ್ದೆ. ಆ ಚೀಲಗಳು ಎಲ್ಲಿ ಬಿಚ್ಚಿದ್ದವೋ ಅಲ್ಲಿ ಕರಕಿ ಬೇರು ಬಿಡುತ್ತಿದೆ. ಹಿಂಗಾರಿ ಜೋಳದ ಬಿತ್ತನೆಗೆ ಹೊಲಗಳನ್ನು ಹರಗುವ ಕಾಲ ಹತ್ತಿರ ಬರುತ್ತಿತ್ತು. ಯಾರದಾದರೂ ಹೊಲಕ್ಕೆ ಹೋಗಿದ್ದರೆ, ಕುಂಟೆ ಅದನ್ನು ಎಳೆದು ಹೊಲ ತುಂಬ ಹಂಚುತ್ತದೆ. ಇತ್ತ ನನ್ನ ಲಾನ್ ಮಾತ್ರ ಎಂದೂ ಇಲ್ಲದಷ್ಟು ಚೆಂದವಾಗಿತ್ತು. ತೂತುಗಳ ಉಸುಕು ಮುಚ್ಚಿ ಹೊಸ ಚಿಗುರು ಸೂಜಿಯ ಹಾಗೆ ಎದ್ದಿತ್ತು. ನೀರು ಬಿಟ್ಟರೆ ಗುಟುಕು ಗುಟುಕಾಗಿ ಕುಡಿಯುತ್ತಿತ್ತು. ಅದರ ಮೇಲೆ ಕಾಲಿಡಲು ಮನಸ್ಸಾಗುತ್ತಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಭಾವನವರು ಹೊಸ ಹೆಸರುಕಾಳು ತಂದರು. ಕೈಚೀಲ ಅಡುಗೆಕಟ್ಟೆಯ ಮೇಲಿಟ್ಟರು. ಅದರ ಬಾಯಿಗೆ ಕಟ್ಟಿದ್ದು ನೀಲಿ ಲಾಡಿ. ಒಂದು ತುದಿಯಲ್ಲಿ ನಾನೇ ಹಾಕಿದ್ದ, ಬಿಚ್ಚಿಹೋಗದ ಹಾಗೆ ಎರಡು ಸಲ ಮಡಚಿದ ಹೊಲಿಗೆ.

ಲಾಡಿಯನ್ನು ಬಿಚ್ಚಿ ಇಟ್ಟುಕೊಂಡೆ. ಚೀಲ ಒಯ್ದವರು ಇವರೇ. ಕರಕಿಯ ಒಂದು ಎಳೆಗೆ ಚಪ್ಪಲಿ ತಿರುಗಿಸುವ ಮನುಷ್ಯ ಅಷ್ಟು ಚೀಲ ಯಾಕೆ ಒಯ್ಯುತ್ತಾರೆ? ನನಗೆ ಹೊಳೆದದ್ದು ಒಂದೇ ಕಾರಣ. ಬೇಕೆಂದೇ ತಮ್ಮ ಹೊಲದ ಮೂಲೆಯಲ್ಲಿ ಒಂದಿಷ್ಟು ಚೆಲ್ಲಿ, ನಾಳೆ ಎಲ್ಲರ ಮುಂದೆ 'ನೋಡ್ರಿ, ಬಂತು' ಅಂದು, ಟ್ರ್ಯಾಕ್ಟರ್ ತರುವುದಕ್ಕೆ. ಅವರು ಹೊರಡುವಾಗ ಗೇಟಿನ ಬಳಿ ಚಪ್ಪಲಿ ಕಳಚಿದ್ದನ್ನು ನೋಡಿ ನನಗೆ ಮೊದಲ ಸಲ ಸಿಟ್ಟು ಬಂತು. ಎಂಥ ನಾಟಕ ಅನಿಸಿತು.

ಮರುದಿನ ಮಧ್ಯಾಹ್ನ ಅತ್ತೆಯ ಮುಂದೆ ಆ ಲಾಡಿ ಇಟ್ಟೆ.

"ಅತ್ತಿ, ಇದು ನನ್ನ ಕರಕಿ ಚೀಲದ ಲಾಡಿ ರೀ. ಭಾವಾರ ಹತ್ರ ಹ್ಯಾಂಗ ಬಂತು?"

ಅತ್ತೆ ವಿಭೂತಿಯ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಸುತ್ತಿಯೇ ಮಾತಾಡಿದರು. "ನಾ ಕೊಟ್ಟೇನಿ."

"ನೀವಾ?"

"ಶ್ರಾವಣ ಸ್ವಾಮವಾರ ಮುಂದ ಇಟ್ಕೊಂಡು ಯಾರರ ಕರಕಿ ಸುಡ್ತಾರೇನ್ ಬೇ? ಗಣಪ್ಪನ ತಲಿಗಿ ಏರಸೂ ಹುಲ್ಲು. ಅದಕ್ಕ ಪತ್ರಿ ಕೂಡ ಕೊಟ್ಟು ಕಳಸಿದೆ. ಬನ್ನಿ ಬುಡದಾಗ ತಣ್ಣಗ ಇರ್ತದ."

"ಮಾವಾರು ಹೊಲದಾಗ ಕರಕಿ ಸುಟ್ಟಿದ್ರಲ್ರಿ!"

"ಅದು ಬ್ಯಾಸಿಗಿ. ಇದು ಶ್ರಾವಣ." ಇಷ್ಟೂ ತಿಳಿಯದವಳನ್ನು ಯಾವ ಸಾಲಿ ಕಲಿಸಿತು ಅನ್ನುವ ಮುಖ.

"ಭಾವಾರಿಗಿ ಗೊತ್ತದೇನ್ರಿ, ಚೀಲದಾಗ ಏನದ ಅಂಬೂದು?"

"ಪ್ರತೀ ಚೀಲದ ಬಾಯಾಗ ಒಂದ್ ಬೊಗಸಿ ಪತ್ರಿ ಹಾಕಿದ್ದೆ. ಪತ್ರಿ ಚೀಲ ಯಾರರ ಕೆದರಿ ನೋಡ್ತಾರೇನು?"

ಯಾರೂ ನೋಡುವುದಿಲ್ಲ. ಅದು ಖರೆ. ಆ ಚೀಲಕ್ಕೆ ಕೈ ಮುಗಿಯುತ್ತಾರೆ, ತಲೆಯ ಮೇಲೆ ಹೊರುತ್ತಾರೆ, ಒಳಗೆ ಕೈ ಹಾಕುವುದಿಲ್ಲ. ಚಪ್ಪಲಿಯ ಅಟ್ಟೆ ನೋಡಿಕೊಳ್ಳುವ ಮನುಷ್ಯ ಅದೇ ಕೈಯಿಂದ ಅಷ್ಟೂ ಕರಕಿಯನ್ನು ಹೊತ್ತು ತನ್ನ ಹೊಲಕ್ಕೆ ತಾನೇ ಸುರಿದಿದ್ದರು. ಎರಡು ಮಳೆ ಆಗಲೇ ಬಿದ್ದಾಗಿತ್ತು.

ಸ್ಕೂಟಿ ತೆಗೆದುಕೊಂಡು ಹೊರಟೆ. ಡಾಂಬರು ರಸ್ತೆ ಬಿಟ್ಟ ಮೇಲೆ ಎರೆಮಣ್ಣು ಚಪ್ಪಲಿಗೆ ರೊಟ್ಟಿಯ ಹಾಗೆ ಮೆತ್ತಿ ಮೆತ್ತಿ ಕಾಲು ಎತ್ತಲಾಗದೆ, ಚಪ್ಪಲಿ ಕೈಯಲ್ಲಿ ಹಿಡಿದೇ ನಡೆದೆ. ಯಾರಿಗೂ ಕಾಣದ ಹಾಗೆ ಆ ಕಸವನ್ನೆಲ್ಲ ಎತ್ತಿ ಚೀಲಕ್ಕೆ ತುಂಬಿ ತಂದುಬಿಡಬೇಕು ಅನ್ನುವುದು ನನ್ನ ಲೆಕ್ಕ. ಹೊಲಕ್ಕೂ ಉಳಿವು, ಲಾನಿಗೂ ಉಳಿವು, ಅತ್ತೆಯ ಮಾನಕ್ಕೂ ಉಳಿವು. ಆದರೆ ಬನ್ನಿ ಗಿಡದ ಕೆಳಗೆ ಭಾವನವರು ಆಗಲೇ ಗುದ್ದಲಿ ಹಿಡಿದು ನಿಂತಿದ್ದರು. ಅವರ ಕಾಲ ಬಳಿ ಒಣ ಬಿಲ್ವದೆಲೆಗಳ ನಡುವಿಂದ ತಿಳಿ ಹಸಿರು ಚಿಗುರು. ಎರಡು ಬಳ್ಳಿ ಬದು ಇಳಿದು ಹೊಲದ ಕಡೆ, ಒಂದು ಆಚೆ ಹೊಲದ ಕಡೆ ಚಾಚಿತ್ತು.

ನನ್ನನ್ನು ನೋಡಿ ಅವರಿಗೆ ಆಶ್ಚರ್ಯವೂ ಆಗಲಿಲ್ಲ, ಅಷ್ಟು ಸಿಟ್ಟು.

"ನೋಡು ತಂಗಿ, ನೋಡು! ಪತ್ರಿ ಹಾಕೂ ಜಾಗದಾಗ ತಂದು ಒಗದಾನ. ಇಲ್ಲಿ ನಾವು ಕುಂಟಿ ಹೊಡ್ಯಂಗಿಲ್ಲ, ಗುದ್ದಲಿ ಹಚ್ಚಂಗಿಲ್ಲ ಅಂಬೂದು ಅವನಿಗಿ ಬರೋಬ್ಬರಿ ಗೊತ್ತದ."

"ಯಾರ್ರಿ?"

ಅವರು ಗುದ್ದಲಿಯಿಂದ ಆಚೆ ಹೊಲ ತೋರಿಸಿದರು. ಆ ಹೊಲದವರಿಗೂ ನಮ್ಮವರಿಗೂ ಈ ಬದುವಿನ ಸಲುವಾಗಿ ಹಳೆಯ ತಕರಾರು. "ಮುಂಜಾನಿ ಅವನ ಮನಿ ಮುಂದ ನಿಂತು ಬೈದು ಬಂದೇನಿ. ಓಣಿ ಮಂದಿ ಎಲ್ಲಾ ಕೇಳ್ಯಾರ. ನಾಳಿ ಹಿರ್‍ಯಾರನ್ನ ಕೂಡಸ್ತೇನಿ. ಅವನ್ನ ಬಿಡಂಗಿಲ್ಲ."

ಸುಮ್ಮನಿದ್ದರೆ ನನ್ನ ಲಾನ್ ಉಳಿಯುತ್ತಿತ್ತು. ಅವರ ಅನುಮಾನ ನನ್ನ ಕಡೆ ತಿರುಗುವ ಸಾಧ್ಯತೆಯೇ ಇರಲಿಲ್ಲ. ಅವರ ಕಣ್ಣು ಪೂರಾ ಆ ಬದುವಿನ ಆಚೆ ನೆಟ್ಟಿತ್ತು. ನಾನು ಕೈಯಲ್ಲಿದ್ದ ಚಪ್ಪಲಿಯನ್ನು ಕೆಳಗಿಟ್ಟೆ.

"ಅವರಲ್ರಿ ಭಾವಾರ. ಇದು ನಮ್ಮ ಲಾನಿಂದು. ನಾ ಕೆರೆದು ಚೀಲ ತುಂಬಿ ಸುಡಾಕ ಇಟ್ಟಿದ್ದೆ. ಅತ್ತಿ ಸುಡಬಾರದು ಅಂತ ಪತ್ರಿ ಕೂಡ ಕೊಟ್ಟಾರ. ತಂದವ್ರು ನೀವೇ."

ಅವರು ನನ್ನ ಮುಖ ನೋಡಿದರು, ನಂಬದೆ. ಬಗ್ಗಿ ಕಸದ ರಾಶಿಯಲ್ಲಿ ಕೈ ಹಾಕಲು ಹೋಗಿ, ಪತ್ರಿ ಅಂತ ನೆನಪಾಗಿ ಹಿಂದೆಗೆದರು. ಮತ್ತೆ ಹಾಕಿದರು. ನಾರಿನ ಒಂದು ಮುದ್ದೆ ಎತ್ತಿದಾಗ ಅದರಲ್ಲಿ ನನ್ನ ಹೇರ್‌ಪಿನ್ನಿನಂಥದೇ ಇನ್ನೊಂದು ಸಿಕ್ಕಿಕೊಂಡಿತ್ತು.

"ಮಳಿ ಇತ್ತು," ಅಂದರು, ಪಿನ್ನು ಬಿಡಿಸುತ್ತ. "ಮ್ಯಾಲ ಪತ್ರಿ ಕಂಡ್ತು. ಕೈ ಮುಗದು ಸುರದೆ." ಆಮೇಲೆ ಗುದ್ದಲಿಯ ಕಾವಿನ ಮೇಲೆ ಗದ್ದ ಊರಿ ನಿಂತರು. "ಅವ್ವಾ ನನಗ ಹಿಂಗ ಮಾಡ್ಬೇಕಾ?"

ಅವರು ಬದು ದಾಟಿ ಆಚೆ ಹೊಲಕ್ಕೆ ಹೋದರು. ಅಲ್ಲಿ ಆ ಮನುಷ್ಯ ಹತ್ತಿಯ ಸಾಲಿನಲ್ಲಿ ಕಸ ತೆಗೆಯುತ್ತಿದ್ದ. ಇಬ್ಬರೂ ಎದುರಾಬದುರಾ ನಿಂತರು. ಮಾತು ಕೇಳಿಸಲಿಲ್ಲ. ಭಾವನವರ ತಲೆಯ ಮೇಲಿನ ಟವೆಲ್ಲು ಕೆಳಗಿಳಿದು ಕೈಗೆ ಬಂದದ್ದು ಕಾಣಿಸಿತು. ಸ್ವಲ್ಪ ಹೊತ್ತಿಗೆ ಇಬ್ಬರೂ ಈ ಕಡೆ ಬಂದರು. ಆತ ನನ್ನನ್ನು ನೋಡಿ, "ಇವ್ರೇನು ಕರಕಿ ಸಾಕೂ ಅಕ್ಕಾರು?" ಅಂದ. ಬೇರೆಯವರು ಹಸು ಸಾಕುತ್ತಾರೆ ಅನ್ನುವ ಧಾಟಿ.

"ಹೌದ್ರಿ," ಅಂದೆ.

"ಮೊನ್ನೇನೇ ನೋಡಿದ್ದೆ ನಾ ಇದನ್ನ. ನಿಮ್ಮ ಭಾವ ಗೌಡ ಬೇಕಂತ ಹಾಕ್ಯಾನ, ಕರಕಿ ಬಿಟ್ಟು ನನ್ನ ಹೊಲ ಕೆಡಿಸಿ ಅಗ್ಗಕ್ಕ ಹೊಡೀಬೇಕಂತಾನ ಅಂದ್ಕೊಂಡೆ. ನಾನೂ ಹಿರ್‍ಯಾರನ್ನ ಕೂಡಸಾಂವ ಇದ್ದೆ." ಅವನ ಮುಖದಲ್ಲಿ ಇನ್ನೂ ಅದೇ ಅಂದಾಜು ಪೂರಾ ಹೋಗಿರಲಿಲ್ಲ. "ಈಗರ ಅಗೀರಿ. ನಾ ನೋಡ್ತಾ ಇಲ್ಲೇ ನಿಂತಿರ್ತೇನಿ."

ನಿಂತೇ ಇದ್ದ, ಕೈ ಹಿಂದೆ ಕಟ್ಟಿಕೊಂಡು. ಭಾವನವರು ಪತ್ರಿಯನ್ನು ಒಂದೊಂದೇ ಎಲೆಯಾಗಿ ಆಯ್ದು ಟವೆಲ್ಲಿಗೆ ಹಾಕಿಕೊಂಡರು. ನಾನು ನಾರನ್ನು ಚೀಲಕ್ಕೆ ತುಂಬಿದೆ. ಆಮೇಲೆ ಅವರು ಅಗೆದರು, ನಾನು ಬೇರು ಆಯ್ದೆ. ಹೊಸ ಬೇರು ಆಗಲೇ ಗೇಣುದ್ದ ಇಳಿದಿತ್ತು. ತುದಿ ಅಕ್ಕಿಕಾಳಿನ ಹಾಗೆ ಬೆಳ್ಳಗೆ, ಚೂಪು. "ಅಲ್ಲೊಂದು ಬಿಟ್ರಿ ನೋಡ್ರಿ," ಎಂದು ಆಚೆಯಿಂದ ಬೆರಳು ತೋರಿಸುತ್ತಿದ್ದ ಆತ. "ಇಲ್ಲೊಂದು. ಕಾನ್ವೆಂಟ್‌ನಾಗ ಬೇರು ನೋಡೂದು ಕಲಿಸಿಲ್ಲೇನ್ರಿ?" ಯಾರು ಹೇಳಿದರೋ ಅವನಿಗೆ ನಾನು ಕಾನ್ವೆಂಟು ಅಂತ. ಈ ಕಡೆ ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ. ಪತ್ರಿ ಚೀಲದಲ್ಲಿ ಏನಿದೆ ಅನ್ನುವುದೊಂದು ಬಿಟ್ಟು.

ಹೊರಡುವಾಗ ಭಾವನವರು ಹೇಳಿದರು: "ಬಿತ್ತಿಗಿ ಬಂದದ ಹೊಲ. ಒಳಗ ಎಷ್ಟು ಹೊಕ್ಕದೋ ಈಗ ತಿಳ್ಯಂಗಿಲ್ಲ. ಎಳ್ಳ ಅಮಾಸಿಗಿ ಚರಗ ಚೆಲ್ಲಾಗ ಹೊಲ ತುಂಬ ತಿರಗ್ತೇವಲ್ಲ, ಅವತ್ತು ನೋಡ್ತೇನಿ. ಒಂದು ಎಳಿ ಕಂಡ್ರೂ ನಿನ್ನ ಲಾನ್ ಇರಂಗಿಲ್ಲ. ಮಾತು ಮಾತೇ."

"ಆಗ್ಲಿ ರೀ," ಅಂದೆ.

ಮನೆಯಲ್ಲಿ ಅತ್ತೆ ದೊಡ್ಡ ಮಗನೊಂದಿಗೆ ಎರಡು ವಾರ ಮಾತಾಡಲಿಲ್ಲ. ಅವರೇ ಸಿಟ್ಟಾದವರು. ಯಾಕೆಂದರೆ ಭಾವನವರು ಮುಂದಿನ ಸಲ ಪತ್ರಿ ಒಯ್ಯುವಾಗ ಚೀಲ ಬಿಚ್ಚಿ ನೋಡಿದ್ದರು. ಬಿಚ್ಚಿ, ತಳದವರೆಗೂ ಕೈ ಹಾಕಿ, ಮತ್ತೆ ಕಟ್ಟಿದ್ದರು. "ಹೆತ್ತ ತಾಯಿ ಮ್ಯಾಲ ಶಕ್ ಮಾಡ್ತಾನ. ಪತ್ರಿ ಕೆದರ್ತಾನ," ಎಂದು ಅತ್ತೆ ಬಂದವರೆದುರಿಗೆಲ್ಲ ಹೇಳಿ ಕಣ್ಣೊರಸಿಕೊಂಡರು. ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಯಾರ ಕಡೆ ಮಾತಾಡಿದರೂ ಇನ್ನೊಬ್ಬರಿಗೆ ಅನುಮಾನ.

ಜೋಳ ಮೊಳೆಯಿತು. ಆಳೆತ್ತರ ಬಂದು ತೆನೆ ಬಿಟ್ಟಿತು. ಎಳ್ಳ ಅಮಾವಾಸ್ಯೆಗೆ ಎಲ್ಲರೂ ಟ್ರಾಲಿಯಲ್ಲಿ ಕೂತು ಹೊಲಕ್ಕೆ ಹೋದೆವು. ಸೊಪ್ಪು, ಕಾಳು ಕೂಡಿಸಿ ಬೇಯಿಸಿದ ಭಜ್ಜಿಯ ದೊಡ್ಡ ಪಾತ್ರೆ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಈ ದಿನ ಅಕ್ಕಪಕ್ಕದ ಹೊಲದವರನ್ನು ಊಟಕ್ಕೆ ಕರೆಯದೆ ಬಿಡುವಂತಿಲ್ಲ. ಆಚೆ ಹೊಲದಾತನನ್ನೂ ಕರೆದಿದ್ದರು. ಬಂದವನು ಮೊದಲು ಬನ್ನಿಯ ಬುಡಕ್ಕೆ ಹೋಗಿ ಕೂತು ನೋಡಿ, ಆಮೇಲೆ ಕೈ ತೊಳೆದುಕೊಂಡ.

ಪೂಜೆಯ ಎಡೆಯನ್ನು ಭೂತಾಯಿಗೆ ಚೆಲ್ಲುತ್ತ ಹೊಲ ಸುತ್ತುವುದು ಚರಗ. ಭಾವನವರು ಮುಂದೆ, ಬುಟ್ಟಿ ಹಿಡಿದು ನಾನು ಹಿಂದೆ, ನನ್ನ ಹಿಂದೆ ಉಳಿದವರು. ಎಲ್ಲರೂ ತೆನೆ ನೋಡುತ್ತಿದ್ದರು. ನಾವಿಬ್ಬರೇ ನೆಲ ನೋಡುತ್ತಿದ್ದವರು. ಪ್ರತಿ ಹಸಿರು ಕಡ್ಡಿಗೂ ನನ್ನ ಹೆಜ್ಜೆ ತಪ್ಪುತ್ತಿತ್ತು. ಬದುವಿನಿಂದ ಹತ್ತಿಪ್ಪತ್ತು ಮಾರು ಒಳಗೆ, ಜೋಳದ ಎರಡು ಸಾಲಿನ ನಡುವೆ ಭಾವನವರು ಥಟ್ಟನೆ ನಿಂತರು. ಬಗ್ಗಿದರು. ಎರಡು ಬೆರಳಿನಿಂದ ಏನನ್ನೋ ಮೆಲ್ಲಗೆ, ಬೇರು ಹರಿಯದ ಹಾಗೆ ಎಳೆದರು. ಇನ್ನೂ ಎಳೆದರು. ಅದು ಬಂದ ಮೇಲೆ ಆ ಜಾಗದ ಮಣ್ಣನ್ನು ಬೆರಳಿನಿಂದ ಕೆದಕಿ, ಮತ್ತೇನೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಕೈಯಲ್ಲಿದ್ದದ್ದನ್ನು ಸುರುಳಿ ಸುತ್ತಿ ಅಂಗಿಯ ಕಿಸೆಗೆ ಹಾಕಿದರು.

"ಏನ್ರಿ ಭಾವಾರ ಅದು?" ನನ್ನ ದನಿ ನನಗೇ ಸಣ್ಣಗೆ ಕೇಳಿಸಿತು.

"ಕಸ," ಅಂದರು, ತಿರುಗದೆ. "ಎಡಿ ಕೊಡು ಇಲ್ಲಿ."

ಉಳಿದ ಸುತ್ತು ಮುಗಿಯಿತು. ಅವರು ಮತ್ತೆ ಎಲ್ಲೂ ನಿಲ್ಲಲಿಲ್ಲ. ಬನ್ನಿಯ ನೆರಳಿನಲ್ಲಿ ಸಾಲಾಗಿ ಕೂತಾಗ ಆಚೆ ಹೊಲದಾತ ರೊಟ್ಟಿ ಮುರಿಯುತ್ತ ಕೇಳಿದ: "ಏನ್ ಗೌಡ್ರ, ಹೊಲ ತಿರಗಿದ್ರಿ. ಏನರ ಸಿಕ್ತೇನು?"

ಅತ್ತೆ ತಲೆ ಎತ್ತಿದರು. ನನ್ನ ಗಂಡ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದರು.

"ಸಿಗಾಕ ಏನದ," ಅಂದರು ಭಾವನವರು. "ಏನೂ ಇಲ್ಲ. ತಂಗಿ, ಇತ್ತ ಭಜ್ಜಿ ತಾ."

ನಾನು ಭಜ್ಜಿ ನೀಡಲು ಬಗ್ಗಿದೆ. ಅವರ ಕಣ್ಣು ತಟ್ಟೆಯ ಮೇಲೇ ಇತ್ತು. ಎಡಗೈ ಮಾತ್ರ ಮೇಲೆ ಬಂದು ಕಿಸೆಯ ಬಾಯಿಯನ್ನು ಮುಚ್ಚಿಕೊಂಡಿತು.